ಸೂಲಾ ನದಿ ದಂಡೆಯ ಹಲಗೆ

ನಾನು ಒಂದು ಪೈನ್ ಹಲಗೆ. ಫಿನ್ಲೆಂಡಿನ ಉತ್ತರ ತುದಿಯಲ್ಲಿ, ನಿಂತಲ್ಲೇ ಒಣಗಿದ ಮರವೊಂದನ್ನು ಸೀಳಿ ನನ್ನನ್ನು ಮಾಡಿದರು. ಮೈಮೇಲೆ ಉಳಿಯಿಂದ ಆಳವಾಗಿ ಅಕ್ಷರ ಕೊರೆದು ಹಳದಿ ಬಣ್ಣ ತುಂಬಿದರು: ‘ರಕ್ಷಿತಾರಣ್ಯ. ಬೇಟೆ, ವಾಹನ ನಿಷಿದ್ಧ.’ ಆ ಬಣ್ಣ ಆರುವ ಮೊದಲೇ ನನಗೆ ಶತ್ರುಗಳು ಹುಟ್ಟಿಕೊಂಡಿದ್ದರು.

ಅರಣ್ಯ ರಕ್ಷಕಿ ಹೆಲ್ಮಿ ನನ್ನನ್ನು ಸೂಲಾ ನದಿಯ ದಂಡೆಯಲ್ಲಿ ಎರಡು ಕಂಬಗಳಿಗೆ ಬಿಗಿದಳು. ನನ್ನ ಬೆನ್ನ ಹಿಂದೆ ನದಿ, ಅದರಾಚೆ ಕಾಡಿನ ಕಣಿವೆ.

ಮೊದಲು ನನ್ನ ಮೇಲೆ ಉಗುಳಿದವನು ಆಂತೆ. ಹಿಮಸಾರಂಗಗಳನ್ನು ಸಾಕುವವನು. ತಾತನ ಕಾಲದಿಂದ ಅವನ ಮಂದೆ ಮರಿ ಹಾಕುತ್ತಿದ್ದುದು ಆ ಕಣಿವೆಯಲ್ಲೇ. ಈಗ ಅಲ್ಲಿ ವುಲ್ವರಿನ್ ಬಿಡಾರ ಹೂಡಿತ್ತು. ನಾಯಿಗಿಂತ ದೊಡ್ಡದೇನಲ್ಲ, ಆದರೆ ಸಾರಂಗದ ಕತ್ತು ಮುರಿಯಬಲ್ಲ ಪ್ರಾಣಿ. ಕಾನೂನು ಅದನ್ನು ಕಾಯುತ್ತಿತ್ತು. ಕಾನೂನಿಗೆ ಗುಂಡು ಹೊಡೆಯಲಾಗದೆ ಆಂತೆ ನನಗೆ ಹೊಡೆದ. ಹೆಲ್ಮಿ ಆ ತೂತಿಗೆ ಬೆಣೆ ಬಡಿದು ಮತ್ತೆ ಬಣ್ಣ ಬಳಿದಳು. ಮುಂದಿನ ಚಳಿಗಾಲ ಅವನು ಮೋಟಾರಿನ ಹಿಮಬಂಡಿ ನುಗ್ಗಿಸಿ ಕಂಬ ಬೀಳಿಸಿದ. ಅವಳು ಮತ್ತೆ ನೆಟ್ಟಳು. ಅವರ ಜಗಳವೆಲ್ಲ ನಡೆದದ್ದು ನನ್ನ ಮೈಮೇಲೆ.

ಒಂದು ವಸಂತದಲ್ಲಿ ಆಂತೆಯ ಬಸುರಿ ಸಾರಂಗಗಳು ವುಲ್ವರಿನ್ ಬಾಯಿಗೆ ಸಿಕ್ಕಿ ಒಂದಾದ ಮೇಲೊಂದು ಸತ್ತು ಬಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಅವನು ಬೆನ್ನಿಗೆ ಬಂದೂಕು ಕಟ್ಟಿಕೊಂಡು ಹಿಮಬಂಡಿಯಲ್ಲಿ ಬಂದ. ಹೆಲ್ಮಿ ನನ್ನ ಮುಂದೆ ಅಡ್ಡ ನಿಂತಿದ್ದಳು.

“ದಾರಿ ಬಿಡು. ಅದರ ಬಿಲ ಎಲ್ಲಿದೆ ಅಂತ ನಂಗೊತ್ತು.”

“ಅದು ಮರಿ ಹಾಕಿದೆ, ಆಂತೆ.”

“ನನ್ನ ಸಾರಂಗಗಳ ಹೊಟ್ಟೇಲೂ ಮರಿ ಇದ್ವು. ಅವಕ್ಕೆ ಯಾರು ಬೋರ್ಡು ಹಾಕಿದ್ರು?”

ಹೆಲ್ಮಿ ನದಿಯತ್ತ ಕೈ ತೋರಿದಳು. “ನದಿ ಮೇಲಿನ ಮಂಜುಗಡ್ಡೆ ಮೆತ್ತಗಾಗಿದೆ. ಹೋಗ್ಬೇಡ,” ಎಂದಳು.

“ಸುಳ್ಳು ಹೇಳೋಕೂ ಸಂಬಳ ಕೊಡ್ತಾರಾ ನಿಂಗೆ?”

ಅವಳನ್ನು ಬಳಸಿಕೊಂಡು ಅವನು ನದಿಗಿಳಿದ. ನದಿಯ ನಡುವೆ ಮಂಜುಗಡ್ಡೆ ಲಟಲಟನೆ ಬಿರಿಯಿತು. ಬಂಡಿ, ಬಂದೂಕು ಎರಡೂ ಒಳಗೆ ಹೋದವು. ಆಂತೆಯ ತಲೆ ಮತ್ತು ಎರಡು ಕೈ ಮಾತ್ರ ಮೇಲಿದ್ದವು. ಹಿಡಿದ ಅಂಚೆಲ್ಲ ಮುರಿದು ಅವನ ಕೈಗೇ ಬರುತ್ತಿತ್ತು.

ಹೆಲ್ಮಿ ನನ್ನನ್ನು ಬೂಟುಗಾಲಿನಿಂದ ಒದ್ದು ಒದ್ದು ಕಂಬದಿಂದ ಕಿತ್ತಳು. ಮಂಜುಗಡ್ಡೆಯ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ನನ್ನನ್ನು ಮುಂದಕ್ಕೆ ತಳ್ಳಿದಳು. “ಹಿಡ್ಕೋ!”

ಆಂತೆ ನನ್ನ ಹಳದಿ ಅಕ್ಷರಗಳನ್ನು ನೋಡಿದ. ಹಿಡಿಯಲಿಲ್ಲ. ಅವನ ಕಣ್ಣಲ್ಲಿದ್ದ ಅಸಹ್ಯವನ್ನು ಅಷ್ಟು ಹತ್ತಿರದಿಂದ ನಾನು ಎಂದೂ ಕಂಡಿರಲಿಲ್ಲ. ಆಮೇಲೆ ನೀರು ಗದ್ದಕ್ಕೆ ಬಂತು. ಕೊರೆದ ಅಕ್ಷರಗಳೊಳಗೆ ಬೆರಳು ತುರುಕಿ ಜೋತುಬಿದ್ದ.

ದಂಡೆಗೆ ಎಳೆದು ತಂದು, ತನ್ನ ಕೋಟನ್ನು ಅವನಿಗೆ ಸುತ್ತುತ್ತಾ ಹೆಲ್ಮಿ ಹೇಳಿದಳು: “ನಿನ್ನ ಮೇಲೆ ದೂರು ಕೊಡ್ತೀನಿ.”

“ಕೊಡು. ನಾನು ಬೇರೆ ಬಂದೂಕು ತರ್ತೀನಿ,” ಎಂದ, ಹಲ್ಲು ಕಟಕಟಿಸುತ್ತಾ.

ಇಬ್ಬರೂ ಮಾತಿಗೆ ತಪ್ಪಲಿಲ್ಲ. ಆದರೆ ಅವನು ಮತ್ತೆ ಹೋಗುವಷ್ಟರಲ್ಲಿ ತಾಯಿ ವುಲ್ವರಿನ್ ಮರಿಗಳನ್ನು ಕಚ್ಚಿಕೊಂಡು ಬಿಲ ಬದಲಿಸಿತ್ತು.

ನನ್ನ ಜಾಗಕ್ಕೆ ತಗಡಿನ ಫಲಕ ಬಂತು. ದಂಡೆಯಲ್ಲಿ ಬಿದ್ದು ಪಾಚಿ ಹಿಡಿಯುತ್ತಿದ್ದ ನನ್ನನ್ನು ಕೊನೆಗೆ ಮನೆಗೆ ಹೊತ್ತವಳು ಆಂತೆಯ ಹೆಂಡತಿ ಮಾರೆತ್.

“ಆ ದರಿದ್ರ ನನ್ನ ಮನೆಗೆ ಬೇಡ,” ಎಂದ ಆಂತೆ.

“ನಿನ್ನ ಜೀವ ಉಳಿಸಿದ್ದು ಇದೇ ತಾನೆ?”

“ಅದಕ್ಕೇ ಬೇಡ ಅಂದಿದ್ದು.”

ಆದರೂ ಮಾರೆತ್ ಬಿಡಲಿಲ್ಲ. ಈಗ ಅವರ ಸಾರಂಗಗಳು ಮರಿ ಹಾಕುವುದು ಮನೆ ಹಿಂದಿನ ಬೇಲಿಯೊಳಗೆ. ಅದರ ಬಾಗಿಲಿಗೆ ಅಡ್ಡಹಲಗೆ ನಾನೇ. ಆಂತೆ ದಿನಾ ನನ್ನನ್ನು ತಳ್ಳಿ ತೆರೆಯುತ್ತಾನೆ, ಒದ್ದು ಮುಚ್ಚುತ್ತಾನೆ. ಅಕ್ಷರಗಳಲ್ಲಿ ಬಣ್ಣ ಉಳಿದಿಲ್ಲ.

ಕೆಲವು ಮುಂಜಾನೆ ಹೊರಗಿನ ಹಿಮದ ಮೇಲೆ ವುಲ್ವರಿನ್ ಹೆಜ್ಜೆ ಮೂಡಿರುತ್ತವೆ. ಅದು ನನ್ನವರೆಗೂ ಬಂದು, ಮೂಸಿ, ಹಿಂದಿರುಗಿರುತ್ತದೆ. ಅಂದು ಅದರ ಬಾಗಿಲಲ್ಲಿ ನಿಂತು ಮನುಷ್ಯನನ್ನು ತಡೆದೆ. ಇಂದು ಮನುಷ್ಯನ ಬಾಗಿಲಲ್ಲಿ ನಿಂತು ಅದನ್ನು ತಡೆಯುತ್ತಿದ್ದೇನೆ. ಒಳಗೆ ಬಾ ಎನ್ನುವ ಕೆಲಸಕ್ಕೆ ನನ್ನನ್ನು ಯಾರೂ ಹಚ್ಚಲಿಲ್ಲ.