ಬೇರು ಬೆಳ್ಳಗಿತ್ತು

ಜಾಂಗಿಲ್ ಮದುವೆಯಾಗಿ ನಮ್ಮ ಕಣಿವೆಗೆ ಬಂದಾಗ ಒಂದು ಹೂಕುಂಡವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ತಂದಳು. ಹೊಳೆಯುವ ಕಡುಹಸಿರು ಎಲೆಗಳು, ನಡುವೆ ಬೊಗಸೆಯೊಡ್ಡಿದಂತೆ ಒಂದೇ ಎಸಳಿನ ಬಿಳಿ ಹೂ. ಪೀಸ್ ಲಿಲಿ ಎಂದು ಅದರ ಪೇಟೆಯ ಹೆಸರು. ನಮ್ಮ ಹೆಂಗಸರಿಗೆ ಅದು ‘ಹೆಣ್ಣಿನ ಭಾಗ್ಯ’. ಅರಳಿದರೆ ಮಡಿಲು ತುಂಬುತ್ತದೆ, ಬಾಡಿದರೆ ಮನೆಯ ಹೆಣ್ಣಿಗೆ ಕೇಡು, ಹೊಸ್ತಿಲು ದಾಟಿಸಿ ಕೊಟ್ಟರೆ ಭಾಗ್ಯವೂ ಹೊಸ್ತಿಲು ದಾಟುತ್ತದೆ ಎನ್ನುತ್ತಾರೆ. ಕೊಡುವವನೂ ಕಸಿಯುವವನೂ ಮೇಲಿರುವ ಒಬ್ಬನೇ ಎಂದು ನಂಬಿದವಳು ನಾನು. ಆದರೂ ಆ ಹೂವಿನ ಮುಂದೆ ನನ್ನ ದನಿ ತಾನಾಗಿ ತಗ್ಗುತ್ತಿತ್ತು.

ಜಾಂಗಿಲಳ ಅತ್ತೆ ಉಲ್ಕಾನಳಿಗೆ ನಾನು ವಾರಗಿತ್ತಿ. ನಮ್ಮೆರಡು ಮನೆಗಳ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಒಂದು ಕಿಂಡಿ.

“ಬೆರಳನ್ನ ಮಣ್ಣಿಗೆ ಇಳಿಸಿ ನೋಡಿ, ಚಿಕ್ಕತ್ತೆ,” ಎಂದು ಜಾಂಗಿಲ್ ನನಗೆ ಕಲಿಸಿದ್ದಳು. “ಒಣಗಿದ್ರೆ ಮಾತ್ರ ನೀರು. ಇವಳು ದೊಡ್ಡ ನಾಟಕದವಳು. ಬಾಯಾರಿದ್ರೆ ಮೂರ್ಛೆ ಬಿದ್ದ ಹಾಗೆ ಬೀಳ್ತಾಳೆ. ಒಂದು ಲೋಟ ನೀರು ಕೊಡಿ, ಹಿಟ್ಟು ಹುದುಗು ಬರೋಷ್ಟರಲ್ಲಿ ಎದ್ದು ಕೂತಿರ್ತಾಳೆ.”

“ನಿಮ್ಮತ್ತೆಗೂ ಇದೇ ಔಷಧ. ಒಂದು ಬಟ್ಟಲು ಚಾ ಕೊಟ್ಟು ನೋಡು,” ಎಂದೆ. ಒಳಗಿನಿಂದ ಉಲ್ಕಾನ, “ಕೇಳಿಸ್ತು ಕಣೇ! ನನ್ನ ಕಿವಿ ಇನ್ನೂ ಬಾಡಿಲ್ಲ!” ಎಂದು ಕೂಗಿದಳು.

ಕೊರೆಯುವ ಚಳಿಗಾಲದ ನಡುವೆ ಜಾಂಗಿಲ್ ಗಂಡುಮಗುವನ್ನು ಹೆತ್ತಳು. ಗಂಡ ಕುದುರೆಗಳ ಜೊತೆ ಬೆಟ್ಟದ ಮೇಲಿನ ಚಳಿಗಾಲದ ದೊಡ್ಡಿಯಲ್ಲಿದ್ದ. ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದು, ಮಗುವಿಗೆ ಹೊರಗಿನ ಗಾಳಿ ಸೋಕಬಾರದು. ಉಲ್ಕಾನ ಕಿಟಕಿಯ ಸಂದುಗಳಿಗೆಲ್ಲ ಉಣ್ಣೆ ತುರುಕಿದಳು. ಒಲೆಗೆ ಕಲ್ಲಿದ್ದಲು ತುಂಬಿ, ಅದು ಕೆಂಪಗಾಗುತ್ತಲೇ ಹೊಗೆಕೊಳವೆಯ ಮುಚ್ಚಳ ಎಳೆದು ಮುಚ್ಚಿಬಿಡುತ್ತಿದ್ದಳು. “ಶಾಖ ಯಾಕೆ ಆಕಾಶಕ್ಕೆ ಹೋಗಬೇಕು? ನಮ್ಮ ಮೊಮ್ಮಗ ಇರೋದು ಕೆಳಗೆ,” ಎನ್ನುವಳು.

ಇಪ್ಪತ್ತನೆಯ ದಿನದ ಸುಮಾರಿಗೆ ಬಾಣಂತಿಗೆ ತಲೆನೋವು ಶುರುವಾಯಿತು. ಆಮೇಲೆ ವಾಕರಿಕೆ. ಕೆನ್ನೆ ಮಾತ್ರ ಸೇಬಿನ ಹಾಗೆ ಕೆಂಪು. ಉಲ್ಕಾನಳೂ ಆಗಾಗ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದಳು.

“ಎದೆ ಮೇಲೆ ಯಾರೋ ಕೂತ ಹಾಗಿದೆ, ಚಿಕ್ಕತ್ತೆ,” ಎಂದಳು.

ಆ ಮಾತು ಕೇಳಿ ನಾನೂ ಉಲ್ಕಾನಳೂ ಮುಖ ಮುಖ ನೋಡಿಕೊಂಡೆವು. ಬಾಣಂತಿಯ ಎದೆಯ ಮೇಲೆ ಕೂರುವವಳು ಯಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಲ್ಬಾರ್ಸ್ತಿ. ಕೆದರಿದ ಕೂದಲಿನ ಆ ಪಿಶಾಚಿ ಬಾಣಂತಿಯ ಉಸಿರನ್ನು ಕದ್ದೊಯ್ಯುತ್ತಾಳೆ.

ಉಲ್ಕಾನ ತಾಯತ ಕಟ್ಟಲಿಲ್ಲ, ಮಾಟಗಾರನನ್ನು ಕರೆಯಲಿಲ್ಲ. ದೇವರ ಹೆಸರು ಹೇಳಿ, ಕೇಡು ಓಡಿಸುವ ಬೆಟ್ಟದ ಅರ್ಚಾ ಮರದ ಸೊಪ್ಪು ಸುಟ್ಟು ಮೂಲೆಮೂಲೆಗೆ ಹೊಗೆ ಹಿಡಿದಳು. ಓಡಿದ ಪಿಶಾಚಿ ಮತ್ತೆ ನುಗ್ಗದಿರಲೆಂದು ಬಾಗಿಲ ಅಂಚಿಗೂ ಕಂಬಳಿ ಕಟ್ಟಿದಳು. ನಾನೂ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಓದಿದೆ.

ಆಗಲೇ ಹೂಗಿಡ ಎಲೆ ಇಳಿಬಿಟ್ಟದ್ದು ಕಂಡಿತು. ಉಲ್ಕಾನಳ ಮುಖ ಬಿಳಿಚಿತು. ಅವಳು ಚೊಂಬುಗಟ್ಟಲೆ ನೀರು ಸುರಿದಳು. ಮರುದಿನವೂ ಎಲೆ ಏಳಲಿಲ್ಲ, ಬುಡದವು ಹಳದಿಯಾಗಿದ್ದವು. ಮತ್ತೆ ಸುರಿದಳು.

ಮೂವತ್ತನೆಯ ದಿನ ಬೆರಳಿಳಿಸಿ ನೋಡಿದೆ. ಮಣ್ಣು ಕೆಸರಾಗಿತ್ತು. ಜಾಂಗಿಲ್ ಹಾಸಿಗೆಯಿಂದ ನಿಧಾನವಾಗಿ, “ನೀರು ಸಾಕು... ಬೇರು ಕೊಳೆತಿರಬೇಕು... ತೆಗೆದು ನೋಡಿ,” ಎಂದಳು. ಕುಂಡ ಮಗುಚಿ ಗಿಡವನ್ನು ಅಂಗೈಗೆ ತೆಗೆದುಕೊಂಡೆ. ಕೊಳೆತ ವಾಸನೆ ಬರುತ್ತದೆಂದು ಮೂಗು ಸುಕ್ಕಿಸಿದ್ದೆ, ಬರಲಿಲ್ಲ. ಬೇರುಗಳು ಬೆಳ್ಳಗೆ, ಗಟ್ಟಿಯಾಗಿ, ಹಸುಗೂಸಿನ ಬೆರಳಿನ ಹಾಗಿದ್ದವು.

“ಗಿಡವನ್ನ ನಾಲ್ಕು ದಿನ ನನ್ನ ಮನೇಲಿಡ್ತೀನಿ, ಅಕ್ಕಾ.”

“ಹುಚ್ಚು ಹಿಡೀತಾ ನಿಂಗೆ? ಈಗ ಇದನ್ನ ಮನೆ ದಾಟಿಸೋದಾ? ಅವಳನ್ನೇ ದಾಟಿಸಿದ ಹಾಗೆ!”

ಅವಳು ಒಲೆಯತ್ತ ತಿರುಗಿದಾಗ ಬುಡದಿಂದ ಒಂದು ಮರಿಯನ್ನು ಬೇರುಸಮೇತ ಬಿಡಿಸಿ ಶಾಲಿನೊಳಗೆ ಅಡಗಿಸಿಕೊಂಡೆ. ಕದ್ದ ಹೂಮರಿ ಚೆನ್ನಾಗಿ ಹತ್ತುತ್ತದೆ ಎಂಬ ಮಾತೂ ನಮ್ಮಲ್ಲುಂಟು. ಮನೆಗೆ ಬಂದು ಗಾಜಿನ ಲೋಟದ ನೀರಿನಲ್ಲಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ನಮಾಜು ಮುಗಿಸಿ ಕತ್ತೆತ್ತಿದೆ. ಲೋಟದಲ್ಲಿ ಆ ಮರಿ ನೆಟ್ಟಗೆ ನಿಂತಿತ್ತು. ಅದೇ ಗಿಡ, ಅದೇ ಬೇರು. ನೀರು ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ಅಲ್ಲಿದ್ದು ಇಲ್ಲಿಲ್ಲದ್ದು ಏನು? ಉಲ್ಕಾನಳ ತಲೆನೋವು ಹಸು ಕರೆಯಲು ಹೊರಗೆ ಬಂದಾಗಲೆಲ್ಲ ಬಿಡುತ್ತಿದ್ದದ್ದು ನೆನಪಾಯಿತು. ಪಿಶಾಚಿಗೆ ಗಿಡದ ಉಸಿರು ಯಾಕೆ ಬೇಕು? ಬೇಲಿಯಾಚೆ ನೋಡಿದೆ. ಆ ವರ್ಷದ ಅತಿ ಚಳಿಯ ದಿನ ಅದು, ಅವರ ಚಿಮಣಿಯಿಂದ ಎಳೆಯಷ್ಟೂ ಹೊಗೆ ಏಳುತ್ತಿರಲಿಲ್ಲ.

ಕಿಂಡಿಯಲ್ಲಿ ಶಾಲು ಸಿಕ್ಕಿಕೊಂಡಿತು, ಬಿಟ್ಟು ಓಡಿದೆ.

ಉಲ್ಕಾನ ಕೊಟ್ಟಿಗೆಯಲ್ಲಿದ್ದಳು. “ಬಾಗಿಲು ತೆಗೀಬೇಡ! ಇನ್ನೂ ಏಳು ದಿನ ಇದೆ!” ಎಂದು ಬಕೆಟ್ಟು ಕೆಡವಿ ಬಂದು ನನ್ನ ತೋಳು ಹಿಡಿದಳು.

“ಒಲೆ ಕಣಕ್ಕಾ! ಕೊಳವೆ ಮುಚ್ಚಿದ ಒಲೆ ಉಸಿರು ಕುಡೀತಿದೆ! ಬಿಡು!”

ಒಂದು ಗಳಿಗೆ ಅವಳು ಬಿಡಲಿಲ್ಲ. ಆಮೇಲೆ ಏನನ್ನಿಸಿತೋ, ತಾನೇ ಭುಜ ಕೊಟ್ಟು ಬಾಗಿಲು ನೂಕಿದಳು.

ತೊಟ್ಟಿಲು ಹೊಸ್ತಿಲ ಬದಿಗಿತ್ತು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಹಿಮದ ಅಂಗಳಕ್ಕೆ ತಂದೆ. ಅದರ ತಲೆ ನನ್ನ ಮುಂಗೈ ಮೇಲೆ ವಾಲಿತು. ಅಲ್ಲಾಹನ ಹೆಸರಲ್ಲದೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಉಲ್ಕಾನ ಎಚ್ಚರ ತಪ್ಪಿದ್ದ ಸೊಸೆಯ ಕಂಕುಳಿಗೆ ಕೈ ಹಾಕಿ ಎಳೆದು ತಂದಳು. ಬರಿಗಾಲುಗಳು ಹಿಮದಲ್ಲಿ ಎರಡು ಗೀರು ಎಳೆದವು. ಮಗು ಸೀನಿತು. ಆಮೇಲೆ ಬೆಟ್ಟ ಬಿರಿಯುವಂತೆ ಅತ್ತಿತು.

ನೆರೆಯವನ ಜೀಪಿನಲ್ಲಿ ಆಸ್ಪತ್ರೆಯ ದಾರಿ ಹಿಡಿದೆವು. ಕಿಟಕಿಗಳನ್ನು ಪೂರ್ತಿ ಇಳಿಸಿದ್ದೆವು. ಅರ್ಧ ದಾರಿಯಲ್ಲಿ ಜಾಂಗಿಲ್ ಕಣ್ಣು ತೆರೆದಳು. ಉಲ್ಕಾನ ಅಳುತ್ತ ನಗುತ್ತ ಮಗುವನ್ನು ಅವಳ ಮುಖದ ಹತ್ತಿರ ಹಿಡಿದಳು.

ಜಾಂಗಿಲ್ ಬಹಳ ಹೊತ್ತು ನೋಡಿದಳು. ಅತಿಥಿಗಳ ಮಗುವನ್ನು ಕಂಡಂತೆ ಸೌಜನ್ಯದಿಂದ ನಕ್ಕಳು.

“ಯಾರ ಮಗು, ಅತ್ತೆ? ಇಂಥ ಚಳೀಲಿ ಯಾಕೆ ಕರ್ಕೊಂಡು ಬಂದ್ರು?”

“ನಿಂದೇ ಕಣೇ, ನನ್ನ ಕಂದಾ. ನಿನ್ನ ಮಗ.”

“ಹೌದಾ,” ಎಂದು ಹೊರಗಿನ ಬಿಳಿ ಬೆಟ್ಟಗಳತ್ತ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಇತ್ತ ನೋಡಿ, ಅದೇ ನಗುವಿನಲ್ಲಿ, “ಯಾರ ಮಗು, ಅತ್ತೆ?” ಎಂದಳು.

ಉಲ್ಕಾನ ಮಗುವನ್ನು ಸೊಸೆಯ ಎದೆಗೆ ಒತ್ತಿ ಹಿಡಿದಳು. ಅದು ಬಾಯಿ ತೆರೆದು ಅತ್ತಿತ್ತ ಹುಡುಕಿತು. ಜಾಂಗಿಲಳ ಕೈಗಳು ಮಡಿಲಲ್ಲೇ ಇದ್ದವು, ಮೇಲೇಳಲಿಲ್ಲ.