ಕೊಲೆಗಾರ ಯಾರೆಂದು ಶಿಬತೋಷರಿಗೆ ಹೇಳಬೇಡಿ

೧

ಈ ಕಥೆಯನ್ನು ಹೆಣದಿಂದ ಶುರುಮಾಡಲೋ, ಹತ್ತಿಯಿಂದ ಶುರುಮಾಡಲೋ?

ಪತ್ತೇದಾರನ ಕಥೆಯೆಂದರೆ ಮೊದಲ ಪುಟದಲ್ಲೇ ಒಂದು ಹೆಣ ಬೀಳಬೇಕು. ನನ್ನ ಕಷ್ಟ ಏನೆಂದರೆ ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. (ಈಗಲೇ ಹೇಳಿಬಿಟ್ಟೆ. ಹಿಂದಿನ ಸಾಲಿನಲ್ಲಿ ಒಬ್ಬ ಓದುಗ ಕುರ್ಚಿ ಸರಿಸಿ ಎದ್ದು ಹೋದ ಸದ್ದು ಕೇಳಿಸಿತು. ಹೋಗಲಿ, ಇದ್ದವರಿಗೆ ಜಾಗ ಆಯಿತು.) ಹಾಗಾಗಿ ಹತ್ತಿಯೇ ಗತಿ.

ಉತ್ತರ ಕಲ್ಕತ್ತೆಯ ಒಂದು ಗಲ್ಲಿ. ದುರ್ಗಾಪೂಜೆ ಹತ್ತಿರ ಬಂದಿದೆ, ಆದರೂ ಸೆಕೆ ಹೋಗಿಲ್ಲ. ಅಂಥ ಬೆಳಿಗ್ಗೆ ಭೂಗೋಳದ ನಿವೃತ್ತ ಮೇಷ್ಟ್ರು ಶಿಬತೋಷ ಪಾಕ್ರಾಶಿಯವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಉಣ್ಣೆಯ ಮಂಕಿ ಕ್ಯಾಪ್ ಎಳೆದುಕೊಂಡು ಮೀನು ಮಾರ್ಕೆಟ್ಟಿಗೆ ಹೋದರು.

"ಏನ್ ಮೇಷ್ಟ್ರೇ, ಡಾರ್ಜಿಲಿಂಗಿಂದ ಈಗ ಇಳಿದ್ರಾ?" ಎಂದ ಮೀನಿನವನು.

ಮೇಷ್ಟ್ರಿಗೆ ಏನೂ ಕೇಳಿಸಲಿಲ್ಲ. ಹಿಲ್ಸಾ ಕೊಡು ಅಂದರು. ಹಿಲ್ಸಾ ಖಾಲಿಯಾಗಿದೆ, ರೋಹು ಹಾಕಲಾ ಅಂತ ಅವನು ಕೇಳಿದ. ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸಿದರು. ಹೀಗೆ ಆ ದಿನ ಪಾಕ್ರಾಶಿಯವರ ಮನೆಯಲ್ಲಿ ಸಾಸಿವೆ ಅರೆದಿಟ್ಟುಕೊಂಡು ಕಾಯುತ್ತಿದ್ದ ಕನಕಲತಾ ಅವರ ಮುಂದೆ ರೋಹು ಬಂದು ಬಿತ್ತು. ಆಕೆ ಗಂಡನನ್ನೂ ಮೀನನ್ನೂ ಒಂದೇ ನೋಟದಲ್ಲಿ ನೋಡಿದರು.

ಕಿವಿಗೆ ಹತ್ತಿ ಯಾಕೆ ಬಂತು? ಅದನ್ನು ಹೇಳಬೇಕಾದರೆ ಈ ಆರಂಭವನ್ನು ಇಲ್ಲಿಗೇ ಕೈಬಿಟ್ಟು ಹಿಂದಕ್ಕೆ ಹೋಗಬೇಕು.

೨

ಕರಾಲಿಬಾಬು ಯಾರೆಂದು ಗೊತ್ತಿಲ್ಲದವರಿಗೆ ಈ ಗಲ್ಲಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ. (ನನಗೆ ಮಹಡಿ ಕೊಡುವ ಮುಂಚೆ ಶಿಬತೋಷರು ಮುಂಗಡದ ಮಾತೇ ಎತ್ತಲಿಲ್ಲ. ಕರಾಲಿಬಾಬು ಯಾವ ಪ್ರಾಣಿಗೆ ಹೆದರುತ್ತಾರೆ ಅಂತ ಕೇಳಿದರು. ಬೆಕ್ಕು ಅಂದೆ. ಬೀಗದ ಕೈ ಕೊಟ್ಟರು.)

ಕರಾಲಿಚರಣ ಸಾನ್ಯಾಲ್, ಹೋಮಿಯೋಪತಿ ಡಾಕ್ಟರು, ಬಿಡುವಿನಲ್ಲಿ ಪತ್ತೇದಾರ. ಕೈಯಲ್ಲಿ ಪಿಸ್ತೂಲು ಹಿಡಿದವರಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು ನಸ್ಯ ಏರಿಸಿ, ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದಾನೆ ಅನಿಸಿದಾಗ ಕನ್ನಡಕ ತೆಗೆದು ಒರೆಸುತ್ತಾರೆ. ಸುಳ್ಳನ್ನು ಮಸುಕಾಗಿ ನೋಡುವುದೇ ಮರ್ಯಾದೆ ಎಂಬುದು ಅವರ ನಂಬಿಕೆ. ಪ್ರತಿ ವರ್ಷದ ಪೂಜಾ ವಿಶೇಷಾಂಕದಲ್ಲಿ ಅವರದೊಂದು ಕಾದಂಬರಿ ಬರುತ್ತಿತ್ತು. ಹೊಸ ಬಟ್ಟೆ, ಹೊಸ ಚಪ್ಪಲಿ, ಹೊಸ ಕರಾಲಿಬಾಬು, ಈ ಮೂರೂ ಇಲ್ಲದೆ ಪೂಜೆ ಇಲ್ಲ. ಆಮೇಲೆ ಒಂದು ವರ್ಷ ಅವರನ್ನು ಬರೆಯುತ್ತಿದ್ದ ಲೇಖಕರು ತೀರಿಕೊಂಡರು. ಅದೇ ವರ್ಷದ ವಿಶೇಷಾಂಕದಲ್ಲಿ ಕೊನೆಯ ಕಾದಂಬರಿ ಬಂತು: ಚಂದನನಗರದ ಕೇಸು.

ಶಿಬತೋಷರು ಆ ಸಂಚಿಕೆ ಕೊಂಡರು. ಮನೆಗೆ ತಂದು ಹೆಂಡತಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಓದಲಿಲ್ಲ. ಇವತ್ತಿನವರೆಗೂ ಓದಿಲ್ಲ.

ಓದಿಬಿಟ್ಟರೆ ಕರಾಲಿಬಾಬು ಮುಗಿದುಹೋಗುತ್ತಾರೆ. ಓದದೆ ಇಟ್ಟರೆ ಅವರು ಚಂದನನಗರದಲ್ಲಿ ಇನ್ನೂ ಕೇಸು ನಡೆಸುತ್ತಿರುತ್ತಾರೆ. ಶಿಬತೋಷರ ಲೆಕ್ಕ ಇಷ್ಟೇ. ಕೆಲಸದಿಂದ ನಿವೃತ್ತರಾದ ದಿನ, ಅಣ್ಣ ತೀರಿಹೋದ ದಿನ, ಕಣ್ಣಿನ ಆಪರೇಷನ್ ಹಿಂದಿನ ದಿನ ಅವರು ಬೀರು ತೆಗೆದು ಆ ಗಂಟನ್ನು ಮುಟ್ಟಿ ನೋಡಿದ್ದಾರೆ. ಇನ್ನೂ ಒಂದಿದೆ ಅನ್ನುವ ಧೈರ್ಯ ಅದು. ನಗುವವರು ನಗಬಹುದು, ನಾನೂ ಮೊದಮೊದಲು ನಕ್ಕಿದ್ದೆ.

ಈಗ ಬಂದಿರುವ ವಿಪತ್ತು: ಚಂದನನಗರದ ಕೇಸು ಸಿನಿಮಾ ಆಗಿದೆ. ಈ ಪೂಜೆಗೆ ಬಿಡುಗಡೆ.

೩

(ಇಲ್ಲಿ ಜಗಳದ ದೃಶ್ಯ ಬರಬೇಕು. ಒಮ್ಮೆ ಬರೆದು ಹರಿದೆ, ಅದರಲ್ಲಿ ಇಬ್ಬರೂ ತುಂಬ ಸಭ್ಯವಾಗಿ ಮಾತಾಡುತ್ತಿದ್ದರು. ನಡೆದದ್ದನ್ನೇ ಹಾಕುತ್ತೇನೆ.)

ಸಂಜೆಯ ಜಗಲಿ. ಶಿಬತೋಷರ ಪಕ್ಕದಲ್ಲಿ ಅವರ ಬಾಲ್ಯದ ಗೆಳೆಯ ಹಾಬುಲ್ ಘಟಕ್. ಟ್ರಾಮ್ ಕಂಪನಿಯಲ್ಲಿದ್ದವರು. ಅವರ ಕಿವಿಗೆ ಬಿದ್ದ ಸುದ್ದಿ ಟ್ರಾಮಿಗಿಂತ ಬೇಗ ಊರು ಸುತ್ತುತ್ತದೆ ಎಂದು ಹೆಸರು. ನಡುವೆ ಮಂಡಕ್ಕಿ, ಬದನೆಕಾಯಿ ಬಜ್ಜಿ.

ಕರಾಲಿಬಾಬುವಿನ ಪಾತ್ರ ಮಾಡಿದವರಲ್ಲಿ ಶಿಬತೋಷರ ದೇವರು ಕಪ್ಪುಬಿಳುಪಿನ ಕಾಲದವರು. ಹಾಬುಲರ ದೇವರು ಭಾನುವಾರದ ಟಿ.ವಿ. ಸೀರಿಯಲ್ಲಿನವರು.

"ನಿನ್ನ ಟಿ.ವಿ. ಕರಾಲಿ ನಸ್ಯ ಏರಿಸೋದು ನೋಡಿದೀಯಾ? ಹಲ್ಲುಪುಡಿ ಹಚ್ಕೊಳ್ಳೋ ಹಾಗಿರತ್ತೆ" ಅಂದರು ಶಿಬತೋಷರು.

"ನಿನ್ನ ಕರಾಲಿ ಸೀನಿದ್ರೆ ಸಾಕು, ಹೀರೋಯಿನ್ ಹಾಡೋಕೆ ಶುರು ಮಾಡ್ತಾಳೆ. ಪತ್ತೇದಾರನಿಗೆ ಹಾಡು ಯಾಕಯ್ಯಾ?"

"ಆ ಮೂಗು ನೋಡು ನೀನು. ಅಂಥ ಮೂಗಿದ್ರೆ ಸುಳಿವು ಹುಡುಕ್ಕೊಂಡು ಹೋಗ್ಬೇಕಾಗಿಲ್ಲ, ಅದೇ ಬರತ್ತೆ."

"ಮೂಗು ಸರಿ. ನಟನೆ ಎಲ್ಲಿ? ಮನೇಲಿ ಬಿಟ್ಟು ಬಂದಿದ್ರಾ?"

ಇಲ್ಲಿಯವರೆಗೆ ದಿನದ ಜಗಳವೇ. ಆಮೇಲೆ ಶಿಬತೋಷರು ಆಡಬಾರದ ಮಾತೊಂದನ್ನು ಆಡಿದರು.

"ಟಿ.ವಿ. ನೋಡಿ ಭಕ್ತನಾದವನು ನೀನು. ಅದೂ ಯಾರ ಟಿ.ವಿ.? ನಮ್ಮನೇದು. ನಮ್ಮನೆ ಚಾಪೆ ಮೇಲೆ ಕೂತು ನೋಡಿದೀಯ."

ಹಾಬುಲ್ ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಹಾಕಿದರು. ಅವರ ಮನೆಗೆ ಟಿ.ವಿ. ಬಂದದ್ದು ತುಂಬ ತಡವಾಗಿ ಎಂಬುದು ಗಲ್ಲಿಗೆಲ್ಲ ಗೊತ್ತು, ಆದರೆ ಅದನ್ನು ಯಾರೂ ಬಾಯಲ್ಲಿ ಹೇಳಿರಲಿಲ್ಲ.

"ಚಂದನನಗರದಲ್ಲಿ ಕೊಂದಿದ್ದು ಯಾರು ಅಂತ ಹೇಳ್ಲಾ ಶಿಬು?" ಅಂದರು ಮೆತ್ತಗೆ. "ನಾನು ಓದಿದೀನಿ."

ಶಿಬತೋಷರು ಎರಡೂ ಕಿವಿ ಮುಚ್ಚಿಕೊಂಡು ಒಂದು ಚಪ್ಪಲಿ ಜಗಲಿಯಲ್ಲೇ ಬಿಟ್ಟು ಒಳಗೆ ಓಡಿದರು. ಮಾರನೆಯ ದಿನದಿಂದ ಹತ್ತಿ.

೪

ಈಗ ಮುಕ್ತಾಯ. ನನ್ನ ಬಳಿ ಎರಡಿದ್ದವು.

ಮೊದಲನೆಯದು. ಪೂಜೆಯ ಪೆಂಡಾಲಿನಲ್ಲಿ, ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕನ್ನು ಹಾಬುಲ್ ಕಸಿದುಕೊಳ್ಳುತ್ತಾರೆ. ಢಾಕ್ ಬಾರಿಸುವವರು ಕೈ ನಿಲ್ಲಿಸುತ್ತಾರೆ. ಇಡೀ ಗಲ್ಲಿಗೆ ಕೇಳುವಂತೆ ಹಾಬುಲ್, "ಚಂದನನಗರದಲ್ಲಿ ಕೊಂದಿದ್ದು..."

ಇಷ್ಟು ಬರೆದಿದ್ದೆ. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಹಾಬುಲ್ ಘಟಕ್, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾರೆ.

"ಏನಯ್ಯಾ ಲೇಖಕ ಮಹಾಶಯ, ನನ್ನ ಬಗ್ಗೆ ಏನಂತ ತಿಳ್ಕೊಂಡಿದೀಯ?"

"ಅಲ್ಲ, ನಿಮ್ಮ ಬಾಯಿ ಸ್ವಲ್ಪ..."

"ಬಾಯಿ ಸಡಿಲ, ಒಪ್ಕೋತೀನಿ. ದತ್ತರ ಮಗಳು ಓಡಿಹೋಗಿದ್ದು ದತ್ತರಿಗಿಂತ ಮುಂಚೆ ಎಲ್ರಿಗೂ ಹೇಳಿದವನು ನಾನೇ. ಆದ್ರೆ ಇದೊಂದನ್ನ ಹೇಳಿದೀನಾ? ಇಷ್ಟು ವರ್ಷ ದಿನಾ ಅವನ ಪಕ್ಕ ಕೂತು?" ಕುರ್ಚಿ ಎಳೆದುಕೊಂಡು ಕೂತರು. "ಅವನ ಪಾಲಿಗೆ ಕರಾಲಿಬಾಬು ಇನ್ನೂ ಇದಾರೆ ಕಣಯ್ಯಾ. ಅದು ನನ್ನ ಬಾಯಿಂದ ಮುಗೀಬಾರದು. ಮೈಕು ತೆಗಿ."

ತೆಗೆದೆ. ಅವರು ಎದ್ದು ಬಾಗಿಲವರೆಗೆ ಹೋಗಿ ನಿಂತರು.

"ಇಂಟರ್ವಲ್‌ವರೆಗೆ ನೋಡ್ಬಹುದಲ್ವಾ ಅವನು? ಕೊಲೆಗಾರ ಸಿಕ್ಕೋದು ಕೊನೇಲಿ ತಾನೆ? ನಾನು ಹೇಳಿದೆ ಅಂತ ಹೇಳ್ಬೇಡ."

ಎರಡನೆಯ ಮುಕ್ತಾಯ. ಸಿನಿಮಾ ಬರುವ ಮುಂಚೆ ಶಿಬತೋಷರು ಗಂಟು ಬಿಚ್ಚಿ ಓದಿಬಿಡುತ್ತಾರೆ. ಅವರಿಗೆ ಒಳ್ಳೆಯ ಮಧ್ಯಾಹ್ನವೊಂದನ್ನು ಕೊಟ್ಟೆ, ಕಿಟಕಿ ಪಕ್ಕದ ಕುರ್ಚಿ ಕೊಟ್ಟೆ, ಪಕ್ಕದಲ್ಲಿ ಚಹಾ ಇಟ್ಟೆ. ಮೊದಲ ಸಾಲಿಗೆ ಬೆರಳಿಟ್ಟವರು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

"ನೀವು ಬರೆದಿದ್ದನ್ನ ಹರಿದುಹಾಕಿ."

"ಓದಿಬಿಡಿ ಸಾರ್. ಎಷ್ಟು ದಿನ ಅಂತ ಹತ್ತಿ ಇಟ್ಕೋತೀರಿ?"

"ನಿಮ್ಮ ಹೆಂಡತಿ ಹತ್ರ ಆಡೋ ಮಾತೆಲ್ಲಾ ಒಂದೇ ದಿನದಲ್ಲಿ ಆಡಿ ಮುಗಿಸ್ತೀರೇನ್ರೀ?"

ನನಗೆ ಮದುವೆಯಾಗಿಲ್ಲ ಅಂದೆ.

"ಅದಕ್ಕೇ ನಿಮಗೆ ಅರ್ಥ ಆಗ್ತಿಲ್ಲ" ಅಂದರು. ಕುರ್ಚಿಯನ್ನೂ ಚಹಾವನ್ನೂ ವಾಪಸ್ ತೆಗೆದುಕೊಂಡೆ.

೫

ಇನ್ನು ಉಳಿದದ್ದು ಕನಕಲತಾ ಅವರೊಬ್ಬರೇ. ಕಥೆಯಲ್ಲಿ ಅವರಿಗೆ ಸಾಸಿವೆ ಅರೆಯುವುದು ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ. ಇಂಟರ್ವಲ್ಲಿನ ಉಪಾಯವನ್ನು ಅವರ ಬಾಯಲ್ಲಿ ಹೇಳಿಸೋಣವೆಂದು ಕೆಳಗಿಳಿದು ಹೋದೆ.

"ನೀನು ಬಂದು ಹೇಳೋವರೆಗೂ ನಾನು ಕಾಯ್ತಾ ಕೂರ್ಬೇಕಿತ್ತಾ?" ಅಂದರು ಕಾಕಿಮಾ. (ಬಂಗಾಳಿಯಲ್ಲಿ ಚಿಕ್ಕಮ್ಮ. ಕನಕಲತಾ ಅವರನ್ನು ನಾನು ಕರೆಯುವುದು ಹಾಗೆ.) "ಟಿಕೆಟ್ ಆಗ್ಲೇ ತಂದಿದೀನಿ. ನಾಲ್ಕು. ನಿನ್ನದೂ ಸೇರಿಸಿ. ಇವರು ಜಗಲಿಗೆ ಹೋಗೋದು ಬಿಟ್ಟ ಮೇಲೆ ಸಂಜೆಯೆಲ್ಲಾ ಅಡುಗೆಮನೇಲಿ ನಿಂತು ಪಾತ್ರೆ ಮುಚ್ಚಳ ಎತ್ತಿ ಎತ್ತಿ ನೋಡ್ತಾರೆ. ನನ್ನಿಂದಾಗಲ್ಲಪ್ಪ."

ಪಂಚಮಿಯ ದಿನ ಮ್ಯಾಟಿನಿಗೆ ಹೋದೆವು. ಶಿಬತೋಷರು ಮಂಕಿ ಕ್ಯಾಪಿನಲ್ಲಿ, ಹಾಬುಲ್ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ಪಕ್ಕಪಕ್ಕ ಕೂತರು. ಕಾಕಿಮಾ ಕೂರಿಸಿದ್ದೇ ಹಾಗೆ. ಹೊಸ ಕರಾಲಿಬಾಬು ಪರದೆಗೆ ಬಂದ. ಜಿಮ್ಮಿನ ಮೈ, ಟ್ರಿಮ್ ಮಾಡಿದ ಗಡ್ಡ. ಬಂದವನೇ ನೆಲಕ್ಕೆ ಬಿದ್ದು ದಂಡ ಹೊಡೆಯತೊಡಗಿದ.

"ಅಯ್ಯೋ ಕರ್ಮವೇ" ಎಂದು ಇಬ್ಬರೂ ಒಟ್ಟಿಗೆ ಅಂದರು. ಹತ್ತಿ ಯಾವಾಗ ಹೊರಬಂದಿತ್ತೋ ನಾನು ನೋಡಲಿಲ್ಲ.

ಅಲ್ಲಿಂದ ಮುಂದೆ ಅವರ ಗೊಣಗಾಟ ಒಂದೇ ರಾಗದಲ್ಲಿ ಸಾಗಿತು. ಬೈಕ್ ಓಡಿಸ್ತಾನೆ ನೋಡೋ, ಬೆಕ್ಕನ್ನ ಎತ್ಕೊಂಡ ನೋಡೋ. ಇಬ್ಬರಿಗೂ ಅಪಾರ ಸಂತೋಷವಾಗಿತ್ತು. ಆಮೇಲೆ ಜಮೀನ್ದಾರನ ಮನೆಯ ಸಂಗೀತದ ಮೇಷ್ಟ್ರು ತಾನು ಆ ದಿನ ಊರಲ್ಲಿರಲಿಲ್ಲ ಎಂದು ಹೇಳುವ ದೃಶ್ಯ. ಕರಾಲಿಬಾಬು ಆಗಿದ್ದ ಹುಡುಗ ಕನ್ನಡಕ ತೆಗೆದ. ಜುಬ್ಬಾದ ಅಂಚಿನಲ್ಲಿ ನಿಧಾನವಾಗಿ ಒರೆಸಿದ.

ಕಪ್ಪುಬಿಳುಪಿನವರು ಅದನ್ನು ಮಾಡಿರಲಿಲ್ಲ. ಟಿ.ವಿ.ಯವರೂ ಮಾಡಿರಲಿಲ್ಲ. ಅದು ಪುಸ್ತಕದಲ್ಲಿ ಮಾತ್ರ ಇದ್ದದ್ದು.

ಶಿಬತೋಷರ ಕೈ ಹಾಬುಲರ ಕೈಯನ್ನು ಹಿಡಿಯಿತು.

"ಓದಿದಾನೆ ಕಣೋ ಹುಡುಗ."

"ಓದಿದಾನೆ" ಅಂದರು ಹಾಬುಲ್.

ಇಂಟರ್ವಲ್ ಆಯಿತು. ದೀಪ ಹತ್ತಿತು. ಏಳಬೇಕು. ಶಿಬತೋಷರಿಗೆ ಕಾಲು ಏಳಲಿಲ್ಲ. ಇನ್ನೊಂದು ಗಂಟೆ ಕೂತರೆ ಆ ಕನ್ನಡಕ ಇನ್ನೆಷ್ಟು ಸಲ ಒರೆಸುತ್ತಾನೋ, ಎಲ್ಲ ನೋಡಬಹುದು. ನೋಡಿದರೆ ಬೀರುವಿನಲ್ಲಿರುವ ಗಂಟು ಬರೀ ಹಳೆಯ ಕಾಗದವಾಗುತ್ತದೆ. ಇಷ್ಟು ಚೆನ್ನಾಗಿ ಮಾಡಬಾರದಿತ್ತು ಈ ಹುಡುಗ ಎಂದು ಅವರಿಗೆ ನಿಜವಾಗಿಯೂ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

ಹಾಬುಲ್ ಅವರ ಮೊಣಕೈ ಹಿಡಿದು ಎಬ್ಬಿಸಿದರು.

"ನೀನು ಕೂತ್ಕೊಳೋ. ನಿಂಗೆ ಗೊತ್ತಿರೋದೇ ತಾನೆ" ಅಂದರು ಶಿಬತೋಷರು.

"ಹೊರಗೆ ಒಬ್ನೇ ಏನ್ ಮಾಡ್ತೀಯ? ಚಾಪೆ ಹಾಸ್ಕೊಂಡು ಕೂರ್ತೀಯಾ?"

"ತಪ್ಪಾಯ್ತು ಮಾರಾಯ. ಹಾಗನ್ನಬಾರದಿತ್ತು."

"ಗೊತ್ತಾಯ್ತಲ್ಲ, ನಡಿ. ಕಟ್ಲೆಟ್ ನಿನ್ನ ಕಡೆಯಿಂದ."

ಭಕ್ತನೊಬ್ಬ ಅರ್ಧ ಸಿನಿಮಾ ಬಿಟ್ಟು ಎದ್ದುಹೋಗುವುದು ಏನೆಂದು ಗೊತ್ತಿದ್ದವರಿಗೆ ಗೊತ್ತು. ಇಬ್ಬರೂ ಹಿಂದಿರುಗಿ ನೋಡದೆ ಹೋದರು.

೬

ಕಾಕಿಮಾ ಮತ್ತು ನಾನು ಕೊನೆಯವರೆಗೆ ಕೂತೆವು. ಐದು ಜನ ಶಂಕಿತರು, ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಹುಡುಗ ಒಬ್ಬರ ಕಡೆ ಬೆರಳು ತೋರಿಸಿದ. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕಾಕಿಮಾ ಲೊಚಗುಟ್ಟಿದರು.

"ಥೂ, ಇವರಲ್ಲ."

"ಏನಂದ್ರಿ?"

"ಪುಸ್ತಕದಲ್ಲಿ ಬೇರೆಯವರು. ಸಿನಿಮಾದವರು ಬದಲಾಯಿಸಿದಾರೆ."

ಈ ಕಥೆ ಬರೆಯುತ್ತಿರುವವನು ನಾನು. ನನಗೇ ಇದು ಗೊತ್ತಿರಲಿಲ್ಲ.

"ನೀವು ಓದಿದೀರಾ?"

"ಅದು ಬಂದ ವಾರವೇ. ಇವರು ಸ್ಕೂಲಿಗೆ ಹೋಗಿದ್ರು. ಓದಿ ಹಾಗೇ ಸುತ್ತಿಟ್ಟೆ. ಆ ಸಂಚಿಕೇಲಿ ನಾನು ನೋಡಿದ್ದು ಅಡುಗೆ ಪುಟ ಮಾತ್ರ ಅಂತ ಇವರು ತಿಳ್ಕೊಂಡಿದಾರೆ. ಓದಿದೀಯಾ ಅಂತ ಯಾವತ್ತೂ ಕೇಳಿಲ್ಲ."

"ಹಾಗಾದ್ರೆ ಹೇಳ್ಬಿಡೋಣ ಕಾಕಿಮಾ. ಇದು ಬೇರೆ, ಪುಸ್ತಕ ಬೇರೆ ಅಂತ. ನಾಳೆ ಬಂದು ಧೈರ್ಯವಾಗಿ ಪೂರ್ತಿ ನೋಡ್ಲಿ."

ಆಕೆ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು.

"ನೋಡಿದ್ರೆ, ಸಿನಿಮಾದಲ್ಲಿ ತೋರಿಸಿದವರು ಕೊಲೆಗಾರರಲ್ಲ ಅಂತ ಗೊತ್ತಾಗಲ್ವಾ? ಐದರಲ್ಲಿ ಒಬ್ರು ಕಡಿಮೆ ಆದ್ರು. ಉಳಿದ ನಾಲ್ವರಲ್ಲಿ ಯಾರು ಅಂತ ಇವರು ಮನೆ ಮುಟ್ಟೋದ್ರೊಳಗೆ ಕಂಡುಹಿಡೀತಾರೆ. ಸುಮ್ನಿರು."

ಹೊರಗೆ ಬಂದೆವು. ಚಹಾ ಅಂಗಡಿಯ ಬೆಂಚಿನ ಮೇಲೆ ಮಣ್ಣಿನ ಕುಡಿಕೆ ಹಿಡಿದು ಇಬ್ಬರೂ ಜಗಳಕ್ಕೆ ಬಿದ್ದಿದ್ದರು. ಜಮೀನ್ದಾರನ ಅತ್ತಿಗೆಯೇ ಕೊಂದದ್ದು ಎಂದು ಶಿಬತೋಷರು. ಸಾಧ್ಯವೇ ಇಲ್ಲ, ಸಂಗೀತದ ಮೇಷ್ಟ್ರು ಎಂದು ಹಾಬುಲ್. ತೊಡೆ ತಟ್ಟಿ, ಬೆರಳು ಮಡಚಿ ಕಾರಣ ಕೊಡುತ್ತಿದ್ದರು ಹಾಬುಲ್. ಕಾದಂಬರಿ ಓದಿದವರು ಇಷ್ಟು ಆಸೆಯಿಂದ ಊಹೆ ಮಾಡುತ್ತಾರೆಯೇ? ನಾನು ಕಾಕಿಮಾರ ಮುಖ ನೋಡಿದೆ. ಅವರೂ ಹಾಬುಲರನ್ನೇ ನೋಡುತ್ತಿದ್ದರು. ಕೇಳಬೇಡ ಎಂದು ಕಣ್ಣಲ್ಲೇ ಹೇಳಿದರು. (ಕೇಳಲಿಲ್ಲ. ಹಾಬುಲ್ ಓದಿದ್ದಾರೋ ಇಲ್ಲವೋ ನಿಮ್ಮಷ್ಟೇ ನನಗೂ ಗೊತ್ತು.)

"ಹೇಗಿತ್ತು ಅಂತ ಮಾತ್ರ ಹೇಳು. ಬೇರೇನೂ ಬೇಡ" ಅಂದರು ಶಿಬತೋಷರು ಹೆಂಡತಿಗೆ, ಎರಡೂ ಕೈ ಕಿವಿಯ ಹತ್ತಿರ ಸಿದ್ಧವಾಗಿಟ್ಟುಕೊಂಡು.

"ಚೆನ್ನಾಗಿತ್ತು" ಅಂದರು ಕನಕಲತಾ. "ಸ್ವಲ್ಪ ಸರೀರಿ, ಕೂರ್ತೀನಿ."

ಇಬ್ಬರೂ ಸರಿದು ನಡುವೆ ಜಾಗ ಕೊಟ್ಟರು.

ನಾನು ಬಗ್ಗಿ ಮೆಲ್ಲಗೆ ಕೇಳಿದೆ: ಕಾಕಿಮಾ, ನನಗಾದರೂ ಹೇಳಿ, ಕಥೆಗೊಂದು ಕೊನೆ ಬೇಕು.

"ನಿಂಗ್ಯಾಕೆ ಮುಗಿಸೋ ಅವಸರ?" ಅಂದು ಆಕೆ ಚಹಾ ಊದಿ ಕುಡಿಯತೊಡಗಿದರು.

ಓದುಗರೇ, ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ಆ ಬೀರು ನನ್ನ ಕೋಣೆಯ ಸರಿಯಾಗಿ ಕೆಳಗಿದೆ. ಅದಕ್ಕೆ ಬೀಗವಿಲ್ಲ. ಮಧ್ಯಾಹ್ನ ಇಬ್ಬರೂ ಮಲಗಿರುತ್ತಾರೆ. ನಾನು ಇಳಿದುಹೋಗಿ ಕೊನೆಯ ಪುಟ ನೋಡಿ ಬಂದರೆ ಈ ಕಥೆಯನ್ನು ಸರಿಯಾಗಿ ಮುಗಿಸಬಹುದು.

ನಿನ್ನೆ ಅರ್ಧ ಮೆಟ್ಟಿಲು ಇಳಿದಿದ್ದೆ. ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದು ವಾಪಸ್ ಬಂದೆ.