ಲಾಳದ ಮೊಳೆಯ ಬುಗುರಿ

“ಮೆತ್ತಗೆ ಇಳಿಸ್ರಪ್ಪ, ಕತ್ತು ವಾಲ್ತಾ ಐತೆ,” ಎನ್ನುತ್ತ ಮಲ್ಲೇಶ್ ಗುಂಡಿಯೊಳಗಿನಿಂದ ಅಪ್ಪನ ಬೆನ್ನಿಗೆ ಕೈ ಕೊಟ್ಟ. ರೇವಣಸಿದ್ದಯ್ಯನನ್ನು ಚಕ್ಕಳಮಕ್ಕಳ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟರು.

ಗಂಗಾಧರ ಬಿಲ್ವಪತ್ರೆಯ ಬುಟ್ಟಿ ಹಿಡಿದು ಮೇಲೆ ನಿಂತಿದ್ದ. ಅವನಿಗೂ ಗುಂಡಿಯಲ್ಲಿದ್ದ ರೇವಣ್ಣನಿಗೂ ಅರವತ್ತಾರು. ದಂಡಿನಶಿವರದಲ್ಲಿ ಒಂದೇ ಬೀದಿ, ಒಂದೇ ಶಾಲೆ. ರೇವಣ್ಣನ ಬಲಗಣ್ಣು ಹೋದದ್ದು ತನ್ನಿಂದ, ತಪ್ಪಾಯಿತು ಎಂದು ಹೇಳಬೇಕೆಂದು ಅವನು ಐವತ್ತಾರು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದ. ಮೊನ್ನೆ ರೇವಣ್ಣ ಆಸ್ಪತ್ರೆಯಿಂದ ಹೇಳಿಕಳಿಸಿದಾಗಲೂ ನಾಳೆ ಬರುತ್ತೇನೆ ಎಂದಿದ್ದ. ನಾಳೆ ಅಂದವನ ಮನೆ ಹಾಳು ಅಂತಾರೆ. ಗಂಗಾಧರನ ಮನೆ ಚೆನ್ನಾಗಿಯೇ ಇತ್ತು.

*

ಹುಣಸೆ ಕೊಂಬೆ ಕಡಿದು, ಮಚ್ಚಿನಲ್ಲಿ ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು ಮಾಡಿದ ಬುಗುರಿ. ಬೇರೆ ಹುಡುಗರು ಸಣ್ಣ ಮೊಳೆ ಹೊಡೆದರೆ ಗಂಗಾಧರ ಎತ್ತಿನ ಲಾಳದ ಮೊಳೆ ಹೊಡೆದು, ಕಲ್ಲಿಗೆ ಮಸೆದಿದ್ದ. ಸೋತವನ ಬುಗುರಿಗೆ ಆ ಮೊಳೆಯಿಂದ ಗುನ್ನ ಹೊಡೆದು ಎರಡು ಹೋಳು ಮಾಡಬೇಕು, ಅಷ್ಟೇ ಅವನ ಆಸೆ.

ಅವತ್ತು ಆಡುತ್ತಿದ್ದವರು ಇಬ್ಬರೇ. ಸೋತ ರೇವಣ್ಣ ಗೆರೆಯೊಳಗೆ ಬುಗುರಿ ಇಟ್ಟ. ಅದು ಉರುಳಿತು.

“ತಡೀಲಾ, ನೆಟ್ಟಗಿಡ್ತೀನಿ,” ಎಂದು ಬಗ್ಗಿದ.

ಗಂಗಾಧರ ತಡೆಯಲಿಲ್ಲ. ಚಾಟಿ ಬೀಸಿಯೇ ಬಿಟ್ಟ. ಬುಗುರಿಯ ಮೊಳೆ ರೇವಣ್ಣನ ಬಲಗಣ್ಣಿಗೇ ಹೊಡೆಯಿತು. ರಕ್ತ ಕಂಡದ್ದೇ ಗಂಗಾಧರ ಓಡಿದ.

ರೇವಣ್ಣ ಗಂಗಾಧರನ ಆ ಬುಗುರಿಯನ್ನು ಚಡ್ಡಿ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಹೋದ. ತೆಂಗಿನ ಗರಿಕಡ್ಡಿ ಚುಚ್ಚಿತು ಅಂದ. ಹತ್ತು ವರ್ಷದ ಹುಡುಗ ಅಷ್ಟು ದೊಡ್ಡ ಸುಳ್ಳನ್ನು ಹೇಗೆ ಹೊತ್ತನೋ ಶಿವನೇ ಬಲ್ಲ.

ಒಂಟಿಗಣ್ಣಿಗೆ ಅಂದಾಜು ಸಿಗದೆ ಅವನು ಕಾಯಿ ಸುಲಿಯುವಾಗ ಕೈ ಕುಯ್ದುಕೊಳ್ಳುತ್ತಿದ್ದ. ಗಂಗಾಧರ ಅವನ ಜೊತೆ ನಡೆದಾಗೆಲ್ಲ ಬಲಗಡೆಗೇ ಇರುತ್ತಿದ್ದ. ಆ ಕಡೆ ನಡೆದರೆ ಅವನಿಗೆ ತನ್ನ ಮುಖ ಕಾಣುತ್ತಿರಲಿಲ್ಲ.

“ಈ ಕಡೀಕ್ ಬಾರ್ಲಾ, ಮುಖ ನೋಡ್ಕೊಂಡು ಮಾತಾಡಾನ,” ಎಂದು ರೇವಣ್ಣ ಎಷ್ಟೋ ಸಲ ಕರೆದಿದ್ದ.

“ಇರ್ಲಿ ಬುಡು,” ಎನ್ನುತ್ತಿದ್ದ ಗಂಗಾಧರ.

*

ಗುಂಡಿಗೆ ಉಪ್ಪು ಸುರಿಯುವ ಮುಂಚೆ ರೇವಣ್ಣನ ಹೆಂಡತಿ ಶಿವರುದ್ರಮ್ಮ ಸೆರಗಿನ ಗಂಟು ಬಿಚ್ಚಿದಳು. ಬುಗುರಿ. ಲಾಳದ ಮೊಳೆ ತುಕ್ಕು ಹಿಡಿದಿತ್ತು.

“ಇವ್ರ ಟ್ರಂಕಲ್ಲಿತ್ತು. ಈ ಬುಗುರಿಯೋನು ಒಂದಿನ ಕೇಳ್ಕೊಂಡು ಬತ್ತಾನೆ, ಬಂದ್ರೆ ಕೊಟ್ಬುಡು, ಒಂದ್ ಮಾತೂ ಬೈಬ್ಯಾಡ ಅಂದಿದ್ರು. ನೀವು ಜೊತೇಲಿ ಆಡ್ದೋರು, ಗಂಗಾಧರಣ್ಣ. ಯಾರ್ದು ಇದು?”

ನಂದೇ ಎನ್ನಲು ಗಂಗಾಧರ ಬಾಯಿ ತೆರೆದ. ಮಲ್ಲೇಶ್ ಗುಂಡಿಯಿಂದ ತಲೆ ಎತ್ತಿ ನೋಡುತ್ತಿದ್ದ. ಸುತ್ತ ಊರೇ ನಿಂತಿತ್ತು.

“ನಂದಲ್ಲ ಕಣಮ್ಮ,” ಎಂದುಬಿಟ್ಟ.

ಶಿವರುದ್ರಮ್ಮ ಅವನ ಮುಖವನ್ನೇ ನೋಡಿದಳು. ನಿಮ್ಮದಾ ಎಂದು ಅವಳು ಕೇಳಿರಲಿಲ್ಲ.

“ಹಂಗಾರೆ ಇವ್ರ ಜೊತೇಲೇ ಹೋಗ್ಲಿ,” ಎಂದು ಬುಗುರಿಯನ್ನು ಮಗನ ಕೈಗೆ ಕೊಟ್ಟಳು. ಮಲ್ಲೇಶ್ ಅದನ್ನು ಅಪ್ಪನ ಮಡಿಲಲ್ಲಿಟ್ಟು ಮೇಲೆ ಹತ್ತಿ ಬಂದ. ಉಪ್ಪು ಸುರಿದರು, ಪತ್ರೆ ಹಾಕಿದರು.

“ನೀನೂ ಮಣ್ಣು ಹಾಕಣ್ಣ,” ಎಂದರು ಯಾರೋ.

ರೇವಣ್ಣನ ಎರಡು ಕಣ್ಣೂ ಮುಚ್ಚಿದ್ದವು. ಆದರೂ ಗಂಗಾಧರ ಹಿಡಿ ಮಣ್ಣು ಎತ್ತಿಕೊಂಡು, ಗುಂಡಿಯನ್ನು ಬಳಸಿ ಹೋಗಿ, ಅವನ ಬಲಗಡೆಗೆ ನಿಂತು ಹಾಕಿದ.